ಅಪ್‌ಡೇಟ್: ಟೆಂಪರೇಚರ್ ಮುಳ್ಳು ಕುಣಿಯುತ್ತಿದ್ದ ಹಳೇ ಡೀಸೆಲ್ ಗಾಡಿ

ಆಗುಂಬೆ ಘಾಟಿಯಲ್ಲಿ ಮಾತ್ರವಲ್ಲ, ಉಡುಪಿಯ ಕಲ್ಸಂಕದ ಟ್ರಾಫಿಕ್‌ನಲ್ಲಿ ನಿಂತಾಗಲೂ ನನ್ನ ಗಾಡಿಯ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಕೆಳಗೆ ಆಗುತ್ತದೆ, ಏನು ಕಾರಣ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಕಾರಣ ಸಿಕ್ಕಿತು. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವು ಬಿಡುವ ವಾಲ್ವ್) ಬದಲಿಸಿ ಎಂದವರೇ ಹೆಚ್ಚು. ಒಬ್ಬರು ಮಾತ್ರ "ಹೆಡ್‌ಲೈಟ್ ಹಾಕಿ ನೋಡಿ ಮಾರಾಯ್ರೆ" ಎಂದಿದ್ದರು. ಅದೇ ಸುಳಿವು. ಲೈಟ್ ಹಾಕಿದ ಕೂಡಲೇ ಮುಳ್ಳು ಮೇಲಕ್ಕೆ, ಆರಿಸಿದರೆ ಕೆಳಕ್ಕೆ! ಅಷ್ಟು ಕೂಲೆಂಟ್, ಅಂದರೆ ತಣಿಸುವ ದ್ರವ, ತುಂಬಿದ ಇಂಜಿನ್ ಕ್ಷಣದಲ್ಲಿ ಕಾದು ತಣಿಯಲು ಸಾಧ್ಯವೇ ಇಲ್ಲ. ಅಂದರೆ ಇದು ವೈರಿಂಗ್ ಗೋಳು.

ಗುರುತಿನ ಮೆಕ್ಯಾನಿಕ್ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಥರ್ಮೋಸ್ಟಾಟ್ ಹೌಸಿಂಗ್ ನೋಡಿದರು. ಮುಳ್ಳು ಎಷ್ಟೇ ಕುಣಿದರೂ ಅಲ್ಲಿ 85 ಡಿಗ್ರಿಯ ಆಸುಪಾಸು, ಅಲುಗಾಡಲಿಲ್ಲ. ಇಂಜಿನ್‌ನಿಂದ ಚಾಸಿಸ್‌ಗೆ (ಗಾಡಿಯ ಚೌಕಟ್ಟಿಗೆ) ಹೋಗುವ ಅರ್ಥ್ ಪಟ್ಟಿ, ಅಂದರೆ ಕರೆಂಟ್ ಹಿಂದಿರುಗುವ ದಾರಿ, ಹಸಿರು ಹಿಡಿದು ಪುಡಿಯಾಗಿತ್ತು. ಅದಕ್ಕೇ ಲೈಟ್ ಹಾಕಿದಾಗ ಮುಳ್ಳು ತಪ್ಪು ತೋರಿಸುತ್ತಿತ್ತು. ಮಲ್ಪೆಯ ಕಡಲ ಬದಿ ನಿಲ್ಲುವ ಗಾಡಿ, ಉಪ್ಪುಗಾಳಿ ಬಿಡುತ್ತದಾ? ಬೋಲ್ಟ್ ಕೂರುವ ಜಾಗವನ್ನು ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಈಗ ಲೈಟ್, ವೈಪರ್ ಎಲ್ಲ ಹಾಕಿದರೂ ಮುಳ್ಳು ನಡುವೆಯೇ.

ನಿಮ್ಮ ಗಾಡಿಯಲ್ಲಿ ಮುಳ್ಳು ನಿಧಾನವಾಗಿ ಏರಿಳಿಯುತ್ತಿದ್ದರೆ ಕಥೆ ಬೇರೆ. ಆಗ ಕೂಲೆಂಟ್ ಮಟ್ಟ, ಒಳಗೆ ಸಿಕ್ಕಿದ ಗಾಳಿ, ಥರ್ಮೋಸ್ಟಾಟ್ ಮೊದಲು ನೋಡಿ. ಇಂಜಿನ್ ತಣಿದ ಮೇಲೆಯೇ ಕೂಲೆಂಟ್ ಮುಚ್ಚಳ ತೆಗೆಯಿರಿ. ಮುಂಚೆಯೇ ತಂದಿಟ್ಟ ಹೊಸ ಟೆಂಪರೇಚರ್ ಸೆನ್ಸರ್ ಡಬ್ಬಿಯಲ್ಲೇ ಇದೆ, ಬೇಕಾದವರು ಹೇಳಿ.