ಹಳೆಯ ರೆಕಾರ್ಡ್ ವೈಸ್: ಬಿರುಕಿಗೆ ವೆಲ್ಡಿಂಗ್ ಮಾಡಿಸಬೇಕೇ, ದವಡೆ ಬದಲಿಸಬೇಕೇ?

ಬಂಗಾರಪೇಟೆ_ಬೆಂಚು:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಗುಜರಿ ಅಂಗಡಿಯೊಂದರಲ್ಲಿ ತೂಕದ ಲೆಕ್ಕಕ್ಕೆ ಕೊಂಡ ಹಳೆಯ ಬೆಂಚ್ ವೈಸ್ (ಕೆಲಸದ ವಸ್ತುವನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ಒಂದರ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ಎರಕದಲ್ಲೇ ಮೂಡಿದ ಅಕ್ಷರಗಳಲ್ಲಿ ‘ರೆಕಾರ್ಡ್’, ‘ನಂ. 5’, ‘ಮೇಡ್ ಇನ್ ಇಂಗ್ಲೆಂಡ್’ ಎಂದು ಅದರ ಮೇಲಿದೆ. ದವಡೆಯ ಅಗಲ ಅಳೆದರೆ 5 ಇಂಚು ಬರುತ್ತದೆ. ಕೆ.ಜಿ.ಎಫ್. ಚಿನ್ನದ ಗಣಿಯ ವರ್ಕ್‌ಶಾಪಿನಿಂದ ಬಂದದ್ದೆಂದು ಅಂಗಡಿಯವರು ಹೇಳಿದರು.

ಈಗಿನ ಸ್ಥಿತಿ ಹೀಗಿದೆ. ಮೇಲೆ ಬೂದು ಬಣ್ಣ, ಅದರ ಕೆಳಗೆ ಹಸಿರು, ಅದು ಎದ್ದ ಕಡೆ ನೀಲಿ ಕಾಣುತ್ತದೆ. ಸ್ಕ್ರೂ ಸ್ವಲ್ಪ ದೂರ ಸರಾಗವಾಗಿ ತಿರುಗಿ ಆಮೇಲೆ ಬಿಗಿಯಾಗುತ್ತದೆ. ಹ್ಯಾಂಡಲ್ ನಡುವೆ ಬಾಗಿದೆ. ದವಡೆಯ ಉಕ್ಕಿನ ಪ್ಲೇಟುಗಳ ಹಲ್ಲುಗಳು ನಡುಭಾಗದಲ್ಲಿ ಸವೆದು ನುಣುಪಾಗಿವೆ, ಅವುಗಳ ಸ್ಕ್ರೂಗಳ ತಲೆಯ ಗಾಡಿಯಲ್ಲಿ (ಸೀಳಿನಲ್ಲಿ) ಕೊಳೆ ಗಟ್ಟಿಯಾಗಿ ಕೂತಿದೆ. ನನ್ನ ಮುಖ್ಯ ಚಿಂತೆ ಎರಡು ಗೆರೆಗಳದ್ದು. ಒಂದು, ಬೆಂಚಿಗೆ ಬೋಲ್ಟ್ ಹಾಕುವ ಕಿವಿಗಳಲ್ಲಿ ಎಡಗಡೆಯದರ ಬುಡದಲ್ಲಿದೆ. ಇನ್ನೊಂದು, ಸ್ಲೈಡ್ (ಚಲಿಸುವ ದವಡೆಯನ್ನು ಹೊತ್ತು ಸರಿಯುವ ಭಾಗ) ಒಳಹೋಗುವ ಬಾಯಿಯ ಮೂಲೆಯಿಂದ ಮೇಲಕ್ಕೆ ಕೂದಲೆಳೆಯಂತೆ ಹೋಗಿದೆ.

ಇವೆರಡಕ್ಕೂ ವೆಲ್ಡಿಂಗ್ ಮಾಡಿಸಿ, ದವಡೆಗಳನ್ನು ಗ್ರೈಂಡ್ ಮಾಡಿಸಿ, ಹೊಸ ಬಣ್ಣ ಬಳಿಯಬೇಕೆಂಬುದು ನನ್ನ ಯೋಚನೆ. ಇದು ಪ್ರದರ್ಶನಕ್ಕಿಡುವ ವಸ್ತುವಲ್ಲ, ಮನೆಯ ಶೆಡ್ಡಿನಲ್ಲಿ ದಿನನಿತ್ಯ ಬಳಸುವುದಕ್ಕೆ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು?

ನಿವೃತ್ತ_ಟೂಲ್‌ರೂಮ್:

ನಮಸ್ಕಾರ. ಬಣ್ಣದ ಡಬ್ಬಿಯನ್ನೂ ವೆಲ್ಡಿಂಗ್ ಯಂತ್ರವನ್ನೂ ಸದ್ಯಕ್ಕೆ ದೂರವಿಡಿ. ವೈಸ್ ಎಂಬುದು ಹಿಡಿಯುವ ಸಾಧನ, ಅದರ ಬೆಲೆ ನಿಂತಿರುವುದು ಸ್ಕ್ರೂ, ನಟ್ ಮತ್ತು ಸ್ಲೈಡ್ ಈ ಮೂರರ ಮೇಲೆ. ಮೈಮೇಲಿನ ತುಕ್ಕಿನ ಗುಳಿಗಳಿಂದ ಹಿಡಿತಕ್ಕೆ ಯಾವ ಬಾಧೆಯೂ ಇಲ್ಲ.

ಹ್ಯಾಂಡಲ್ ಬಾಗಿದೆ ಎಂದು ಬರೆದಿದ್ದೀರಿ. ಹ್ಯಾಂಡಲಿನ ಉದ್ದ ಮತ್ತು ದಪ್ಪವನ್ನು ಕೈಬಲಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಅದು ಬಾಗಬೇಕಾದರೆ ಯಾರೋ ಪೈಪ್ ತೊಡಿಸಿ ತಿರುಗಿಸಿರಬೇಕು, ಅಥವಾ ಸುತ್ತಿಗೆಯಿಂದ ಹೊಡೆದಿರಬೇಕು. ಅಂಥ ವೈಸುಗಳಲ್ಲಿ ಸ್ಲೈಡ್ ಒಳಹೋಗುವ ಬಾಯಿ ಮತ್ತು ನಟ್ ಕೂರುವ ಜಾಗ ಮೊದಲು ಬಿರುಕು ಬಿಡುವುದರಿಂದ ನಿಮ್ಮ ಎರಡನೆಯ ಗೆರೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಆದರೆ ಅದು ಬಿರುಕೇ ಎಂದು ಈಗಲೇ ಹೇಳಲಾಗದು. ಹಳೆಯ ಎರಕಗಳ ಒರಟು ಮೈಯನ್ನು ಪುಟ್ಟಿ ತುಂಬಿ ನುಣುಪು ಮಾಡಿ ಬಣ್ಣ ಹೊಡೆಯುತ್ತಿದ್ದರು, ಆ ಪುಟ್ಟಿ ಒಣಗಿ ಸೀಳಿದಾಗ ಕಬ್ಬಿಣವೇ ಸೀಳಿದಂತೆ ಕಾಣುತ್ತದೆ.

ಪರೀಕ್ಷೆ ಸುಲಭ. ಆ ಜಾಗದ ಬಣ್ಣವನ್ನೂ ಪುಟ್ಟಿಯನ್ನೂ ಕಬ್ಬಿಣ ಕಾಣುವವರೆಗೆ ತೆಗೆದು ಸೀಮೆಎಣ್ಣೆ ಹಚ್ಚಿ, ಅದು ಒಳಗಿಳಿಯಲು ಸಮಯ ಕೊಡಿ. ಬಳಿಕ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಕಾಯಿರಿ. ಬಿರುಕಿದ್ದರೆ ಒಳಗೆ ನಿಂತ ಎಣ್ಣೆ ಹೊರಬಂದು ಬಿಳಿಯ ಪುಡಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ, ಗೆರೆ ಎಲ್ಲಿ ಕೊನೆಯಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಹಾಗೆಯೇ ಬಿಡಿಭಾಗಗಳನ್ನೆಲ್ಲ ಕಳಚಿ, ಬಾಡಿಯನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ದೊಡ್ಡ ಬಿರುಕಿದ್ದರೆ ದನಿ ಬೊದ್ದಾಗಿ ಬರುತ್ತದೆ.

ಇನ್ನು ಸ್ಕ್ರೂ. ಬಿಗಿ ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಿದರೆ ಕಾರಣ ತಾನಾಗಿ ತಿಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಹ್ಯಾಂಡಲ್ ಒಂದೇ ದಿಕ್ಕಿಗೆ ಬಂದಾಗ ಬಿಗಿಯಾದರೆ ಸ್ಕ್ರೂ ಬಾಗಿದೆ ಎಂದರ್ಥ. ಉದ್ದದಲ್ಲಿ ಒಂದೇ ಜಾಗದಲ್ಲಿ ಬಿಗಿಯಾದರೆ ಅಲ್ಲಿ ಥ್ರೆಡ್‌ಗೆ ಪೆಟ್ಟು ಬಿದ್ದಿದೆ. ಉದ್ದಕ್ಕೂ ಒಂದೇ ಸಮ ಬಿಗಿಯಾಗಿದ್ದರೆ ಹಳೆಯ ಗ್ರೀಸ್ ಅರದ ಪುಡಿಯೊಂದಿಗೆ ಸೇರಿ ಗಟ್ಟಿಯಾಗಿದೆ ಅಷ್ಟೇ, ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ ಆಡಿಸಿದರೆ ಬಿಡುತ್ತದೆ. ಸವೆತ ನೋಡುವಾಗ, ಸಣ್ಣ ಜಾಬ್ (ಕೆಲಸದ ವಸ್ತು) ಹಿಡಿಯುವಾಗ ನಟ್‌ನೊಳಗೆ ಬರುವ ಭಾಗದ ಥ್ರೆಡ್ಡನ್ನು ಹೆಚ್ಚು ಬಳಸದ ತುದಿಯ ಥ್ರೆಡ್ಡಿನೊಂದಿಗೆ ಹೋಲಿಸಿ. ಅಂಚು ಸ್ವಲ್ಪ ತೆಳುವಾಗಿದ್ದರೆ ಚಿಂತೆಯಿಲ್ಲ. ಚಾಕುವಿನಂತೆ ಚೂಪಾಗಿದ್ದರೆ ಮಾತ್ರ ಲೇತ್ ಕೆಲಸದ ಟರ್ನರ್ ಬಳಿ ಗನ್‌ಮೆಟಲ್‌ನಲ್ಲಿ (ಒಂದು ಬಗೆಯ ಕಂಚು) ಹೊಸ ನಟ್ ಮಾಡಿಸುವ ಮಾತು ಬರುತ್ತದೆ. ಹ್ಯಾಂಡಲ್ ಕಾಲುಸುತ್ತು ಖಾಲಿ ತಿರುಗಿದರೂ ಅದು ದೋಷವಲ್ಲ, ಒಮ್ಮೆ ಬಿಗಿದ ಮೇಲೆ ಆ ಸಡಿಲ ಯಾವ ಕೆಲಸಕ್ಕೂ ಅಡ್ಡಬರುವುದಿಲ್ಲ.

ದವಡೆಯ ಪ್ಲೇಟಿನ ಸ್ಕ್ರೂಗಳ ವಿಷಯದಲ್ಲಿ ಅವಸರ ಬೇಡ. ಗಾಡಿಯನ್ನು ಸೂಜಿಯಂಥ ಮೊನೆಯಿಂದ ಬುಡದವರೆಗೆ ಕೆರೆದು ಶುಚಿ ಮಾಡಿ, ಗಾಡಿಯ ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಅದರ ತಲೆಗೆ ಒಂದೆರಡು ಪೆಟ್ಟು ಕೊಟ್ಟ ನಂತರ ತಿರುಗಿಸಿ. ಇವು ಬ್ರಿಟಿಷ್ ಅಳತೆಯ ಥ್ರೆಡ್‌ಗಳಾಗಿರುವ ಸಂಭವವೇ ಹೆಚ್ಚು. 5/16 ಇಂಚಿನ ವಿಟ್‌ವರ್ತ್ ಸ್ಕ್ರೂ ಮತ್ತು 8 ಮಿಲಿಮೀಟರ್ ಸ್ಕ್ರೂ ಕಣ್ಣಿಗೆ ಒಂದೇ ಕಂಡರೂ ಮೊದಲನೆಯದರಲ್ಲಿ ಇಂಚಿಗೆ 18 ಸುತ್ತು, ಎರಡನೆಯದರ ಪಿಚ್ (ಸುತ್ತಿನಿಂದ ಸುತ್ತಿಗೆ ಅಂತರ) 1.25 ಮಿಲಿಮೀಟರ್. ಥ್ರೆಡ್ಡಿನ ಕೋನವೂ ಒಂದರದು 55 ಡಿಗ್ರಿ, ಇನ್ನೊಂದರದು 60. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಬೀಡಿನ (ಎರಕದ ಕಬ್ಬಿಣದ) ಒಳಗಿನ ಥ್ರೆಡ್ ಹಾಳಾಗುತ್ತದೆ.

ಹರಿಹರ_ವೆಲ್ಡಿಂಗ್:

ಮೇಲಿನ ಹಿರಿಯರ ಮಾತಿಗೆ ನನ್ನ ಕಸುಬಿನ ಕಡೆಯಿಂದ ಕೆಲವು ವಿಷಯ ಸೇರಿಸುತ್ತೇನೆ. ಬೀಡಿಗೆ ವೆಲ್ಡಿಂಗ್ ಆಗುವುದೇ ಇಲ್ಲ ಎಂಬುದು ಸರಿಯಲ್ಲ, ಆದರೆ ಬೀದಿಬದಿಯಲ್ಲಿ ಗೇಟು ಮಾಡುವ ರಾಡ್ ಹಿಡಿದು ಎಳೆಯುವ ಗೆರೆ ವೆಲ್ಡಿಂಗ್ ಅಲ್ಲ. ಬೀಡಿನಲ್ಲಿ ಇಂಗಾಲದ ಅಂಶ ನೂರಕ್ಕೆ 2ರಿಂದ 4ರವರೆಗೆ ಇರುತ್ತದೆ. ಸಾಧಾರಣ ಉಕ್ಕಿನ ರಾಡ್ ಹಾಕಿದಾಗ ಸೇರುವ ಜಾಗ ಗಾಜಿನಂತೆ ಗಡುಸಾಗಿ, ತಣಿಯುವಾಗ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ.

ಮಾಡಲೇಬೇಕಾದರೆ ಕ್ರಮವಿದೆ. ಬಿರುಕಿನ ಎರಡೂ ಕೊನೆಗಳಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯಬೇಕು. ಗೆರೆಯನ್ನು ‘ವಿ’ ಆಕಾರಕ್ಕೆ ತೆರೆಯಬೇಕು. ಬೀಡು ಹೀರಿಕೊಂಡ ವರ್ಷಗಟ್ಟಲೆಯ ಎಣ್ಣೆಯನ್ನು ಬಿಸಿ ಮಾಡಿ ಹೊರಹಾಕಬೇಕು, ಇಲ್ಲದಿದ್ದರೆ ವೆಲ್ಡಿನೊಳಗೆಲ್ಲ ಗುಳ್ಳೆ ಬರುತ್ತದೆ. ಆಮೇಲೆ ನಿಕ್ಕಲ್ ರಾಡ್‌ನಲ್ಲಿ ಒಂದು ಸಲಕ್ಕೆ ಒಂದಿಂಚು ಮಾತ್ರ ಎಳೆದು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ತಣಿಯಲು ಬಿಟ್ಟು ಮುಂದಿನ ಇಂಚಿಗೆ ಹೋಗಬೇಕು. ಮುಗಿದ ಮೇಲೆ ಒಣ ಬೂದಿಯಲ್ಲೋ ಸುಣ್ಣದಲ್ಲೋ ಹೂತಿಟ್ಟು ನಿಧಾನವಾಗಿ ಆರಲು ಬಿಡಬೇಕು.

ಆದರೆ ಗಿರಾಕಿ ತಂದಾಕ್ಷಣ ನಾನು ಒಪ್ಪುವುದಿಲ್ಲ, ಬಿರುಕು ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಬೀಡು ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ಅಷ್ಟಾಗಿ ತಡೆಯುವುದಿಲ್ಲ. ವೈಸ್ ಬಿಗಿದಾಗ ದವಡೆಗಳು ಒಂದನ್ನೊಂದು ಹಿಂದಕ್ಕೆ ತಳ್ಳುವುದರಿಂದ ದವಡೆಯ ಬುಡಕ್ಕೂ ಸ್ಲೈಡಿನ ಬಾಯಿಗೂ ಎಳೆತ ಬೀಳುತ್ತದೆ. ಅಲ್ಲಿ ವೆಲ್ಡ್ ಮಾಡಿದ ವೈಸನ್ನು ಹಗುರ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ ಎನ್ನುತ್ತೇನೆ. ಬೋಲ್ಟ್ ಕಿವಿಯ ವಿಷಯ ಬೇರೆ. ಅದಕ್ಕೆ ಹಿತ್ತಾಳೆ ಕರಗಿಸಿ ಬೆಸೆಯುವ ಬ್ರೇಜಿಂಗ್ ಸಾಕು, ಶಾಖ ಕಡಿಮೆ, ಬೀಡಿಗೂ ಹಿತ.

ಮೈಸೂರು_ಹಳೆಉಪಕರಣ:

ತಯಾರಕರ ಬಗ್ಗೆ ಸ್ವಲ್ಪ ಹೇಳುತ್ತೇನೆ. ರೆಕಾರ್ಡ್ ಎಂಬುದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿಯ ಮುದ್ರೆ. ಆ ಕಂಪನಿ 1972ರಲ್ಲಿ ರಿಡ್ಜ್‌ವೇ ಎಂಬ ಇನ್ನೊಂದು ಶೆಫೀಲ್ಡ್ ಕಂಪನಿಯೊಂದಿಗೆ ಸೇರಿ ರೆಕಾರ್ಡ್ ರಿಡ್ಜ್‌ವೇ ಆಯಿತು. ನಂ. 5 ಎಂದರೆ 5 ಇಂಚಿನ ದವಡೆಯ ಸಾದಾ ಸ್ಕ್ರೂ ಮಾದರಿ. ತಳದಲ್ಲಿ ಕಂಡ ನೀಲಿಯೇ ಕಾರ್ಖಾನೆಯ ಬಣ್ಣ, ಹಸಿರು ಮತ್ತು ಬೂದು ಯಾವುದೋ ವರ್ಕ್‌ಶಾಪಿನ ಸುಣ್ಣಬಣ್ಣದ ಕಾಲದಲ್ಲಿ ಬಿದ್ದವು. ಅಮೆರಿಕದ ವಿಲ್ಟನ್ ವೈಸುಗಳಲ್ಲಿ ಸ್ಲೈಡಿನ ಅಡಿಯಲ್ಲಿ ದಿನಾಂಕ ಪಂಚ್ ಮಾಡುವ ಪದ್ಧತಿಯಿದ್ದುದರಿಂದ ಅಲ್ಲಿನ ಸಂಗ್ರಾಹಕರಿಗೆ ಅವುಗಳ ವಯಸ್ಸು ಹೇಳುವುದು ಸುಲಭ. ರೆಕಾರ್ಡ್ ಕೊಂಡವರಿಗೆ ಆ ಅನುಕೂಲವಿಲ್ಲ, ಅಕ್ಷರದ ರೂಪ ನೋಡಿ ಅಂದಾಜಿಸುವುದಷ್ಟೇ.

ಕೆ.ಜಿ.ಎಫ್. ಮಾತು ಅಸಂಭವವಲ್ಲ. ಅಲ್ಲಿನ ಗಣಿಗಳನ್ನು 1880ರಿಂದ ನಡೆಸಿದವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್, ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಆದರೆ ಬಂಗಾರಪೇಟೆಯ ಸುತ್ತಮುತ್ತ ಮಾರಾಟಕ್ಕೆ ಬರುವ ಕಬ್ಬಿಣಕ್ಕೆಲ್ಲ ಇದೇ ಕಥೆ ಅಂಟಿಕೊಂಡಿರುತ್ತದೆ. ಸ್ಟೋರಿನ ನಂಬರು ಎಲ್ಲಾದರೂ ಪಂಚ್ ಆಗಿದ್ದರೆ ಅದನ್ನು ಉಜ್ಜಿ ಅಳಿಸಬೇಡಿ, ಅದೊಂದೇ ಸಾಕ್ಷಿ.

ದವಡೆಯ ಬಗ್ಗೆ ನನ್ನ ಅಭಿಪ್ರಾಯ: ಗ್ರೈಂಡಿಂಗ್ ಬೇಡವೇ ಬೇಡ. ಪ್ಲೇಟುಗಳು ಬಿಚ್ಚಿ ಬಂದರೆ ತಲೆಕೆಳಗು ಮಾಡಿ ಹಾಕಿ ನೋಡಿ, ತೂತುಗಳು ಸರಿಹೊಂದಿದರೆ ಸವೆಯದ ಅಂಚು ಮೇಲೆ ಬರುತ್ತದೆ. ನುಣುಪಾದ ದವಡೆ ಶಾಪವೂ ಅಲ್ಲ, ಫೈಲ್ ಮಾಡಿ ಮುಗಿಸಿದ ಜಾಬ್‌ಗೆ ಅದು ಗಾಯ ಮಾಡುವುದಿಲ್ಲ. ಬಣ್ಣ ತೆಗೆಯಲೇಬೇಕಾದರೆ ಒಣಗಿದ್ದಾಗ ಗ್ರೈಂಡರ್ ಹಿಡಿಯಬೇಡಿ. ಆ ಕಾಲದ ಬಣ್ಣಗಳಲ್ಲಿ ಸೀಸವಿರುತ್ತಿತ್ತು, ಧೂಳಾಗಿ ಎದ್ದರೆ ಮೈಗೂ ಮನೆಯ ಮಕ್ಕಳಿಗೂ ಕೆಡುಕು. ಪೇಂಟ್ ರಿಮೂವರ್ ಹಚ್ಚಿ ಒದ್ದೆಯಲ್ಲೇ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಸುತ್ತಿ ಎಸೆಯಿರಿ.

ಬಂಗಾರಪೇಟೆ_ಬೆಂಚು:

ಎಲ್ಲರಿಗೂ ಧನ್ಯವಾದ. ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಸ್ಲೈಡಿನ ಬಾಯಿಯ ಗೆರೆ ಪುಟ್ಟಿಯದ್ದೇ. ಒದ್ದೆ ಮಾಡಿ ಕೆರೆದಾಗ ಬೆರಳುಗುರಿನಷ್ಟು ದಪ್ಪದ ಹಕ್ಕಳೆ ಹಕ್ಕಳೆಯಾಗಿ ಎದ್ದುಬಂದು ಕೆಳಗೆ ಕಂದು ಬೂದು ಬಣ್ಣದ ಅಖಂಡ ಎರಕ ಕಂಡಿತು, ಪುಡಿ ಬಿಳಿಯಾಗಿಯೇ ಉಳಿಯಿತು. ಕಿವಿಯ ಬಿರುಕು ಮಾತ್ರ ನಿಜ, ಬೋಲ್ಟ್ ತೂತಿನಿಂದ ಹೊರ ಅಂಚಿನವರೆಗೆ ಒದ್ದೆ ಗೆರೆ ಸ್ಪಷ್ಟವಾಗಿ ಮೂಡಿತು. ಸ್ಕ್ರೂವಿನ ಬಿಗಿ ಬರೀ ಗ್ರೀಸಿನದ್ದಾಗಿತ್ತು, ನೇರವಾಗಿಯೇ ಇದೆ. ಬಲ ದವಡೆಯ ಪ್ಲೇಟಿನ ಒಂದು ಸ್ಕ್ರೂ ಇನ್ನೂ ಅಲುಗಾಡುತ್ತಿಲ್ಲ, ಅದನ್ನು ಹಾಗೇ ಬಿಟ್ಟಿದ್ದೇನೆ.

ಈಗ ಉಳಿದದ್ದು ಎರಡು ಪ್ರಶ್ನೆ. ಒಳಭಾಗದ ತುಕ್ಕು ಬ್ರಷ್ಷಿಗೆ ಸಿಗುತ್ತಿಲ್ಲ, ಏನು ಮಾಡಬಹುದು? ಕಿವಿ ಬಿರುಕಿರುವಾಗ ಬೆಂಚಿಗೆ ಕೂರಿಸುವುದು ಹೇಗೆ?

ಮಂಗಳೂರು_ಮಳೆಗಾಲ:

ತುಕ್ಕಿನ ವಿಷಯದಲ್ಲಿ ಕರಾವಳಿಯವರಿಗೆ ಅನುಭವ ಬೇಕಾದಷ್ಟಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, 4 ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ವೈಸಿಗೂ ಪ್ಲಸ್ ತಂತಿಯನ್ನು ಹಳೆಯ ಕಬ್ಬಿಣದ ಸರಳಿಗೂ ಸೇರಿಸಿ. ವೈಸ್ ಮತ್ತು ಸರಳು ನೀರಿನೊಳಗೆ ಒಂದಕ್ಕೊಂದು ತಾಗಬಾರದು. ಸರಳಿಗೆ ಎದುರಾದ ಮುಖವೇ ಹೆಚ್ಚು ಶುಚಿಯಾಗುವುದರಿಂದ ನಡುನಡುವೆ ವೈಸನ್ನು ತಿರುಗಿಸಿಡಿ, ಆದರೆ ಕರೆಂಟ್ ತೆಗೆಯದೆ ಕೈ ಹಾಕಬೇಡಿ. ಸ್ಟೇನ್‌ಲೆಸ್ ಸ್ಟೀಲನ್ನು ಸರಳಾಗಿ ಬಳಸಲೇಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಅಡುಗೆ ಉಪ್ಪೂ ಬೇಡ. ಹೈಡ್ರೋಜನ್ ಏಳುವುದರಿಂದ ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಸುಳಿಯಬಾರದು. ಸ್ಪ್ರಿಂಗ್ ಇದ್ದರೆ ಮೊದಲೇ ತೆಗೆದಿಡಿ. ಹೊರತೆಗೆದ ಕೂಡಲೇ ತೊಳೆದು, ಬಿಸಿಲಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರದಿದ್ದರೆ ನೋಡನೋಡುತ್ತಲೇ ಮತ್ತೆ ಕೆಂಪಗಾಗುತ್ತದೆ.

ನಿವೃತ್ತ_ಟೂಲ್‌ರೂಮ್:

ಬಾಯಿಯ ಗೆರೆ ಪುಟ್ಟಿಯದ್ದಾದದ್ದು ಒಳ್ಳೆಯದಾಯಿತು. ಕಿವಿಗೆ ಹರಿಹರದವರು ಹೇಳಿದಂತೆ ಬ್ರೇಜಿಂಗ್ ಮಾಡಿಸಬಹುದು. ಮಾಡಿಸದೆಯೂ ಇರಬಹುದು: ಕಿವಿಯ ಮೇಲೆ ಅಗಲವಾದ ದಪ್ಪ ಉಕ್ಕಿನ ಪಟ್ಟಿಯಿಟ್ಟು, ಬೋಲ್ಟಿನ ಒತ್ತಡ ಬಿರುಕಿನ ಎರಡೂ ಬದಿಗೆ ಹಂಚುವಂತೆ ಬಿಗಿದರೆ ಸಾಕು. ಬೆಂಚಿನ ಹಲಗೆ ಸಮತಟ್ಟಾಗಿರಲಿ. ಅಡಿಯಲ್ಲಿ ಸಂದಿಯಿದ್ದು ಬೋಲ್ಟ್ ಬಿಗಿದರೆ ಉಳಿದ ಕಿವಿಗಳೂ ಒಡೆಯುತ್ತವೆ, ಬಹುಶಃ ಇದೂ ಹಾಗೆಯೇ ಒಡೆದದ್ದು.

ಕೂರಿಸುವಾಗ ಸ್ಥಿರ ದವಡೆಯ ಮುಖ ಬೆಂಚಿನ ಅಂಚಿಗಿಂತ ಕೊಂಚ ಹೊರಗಿರಬೇಕು, ಆಗ ಮಾತ್ರ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ಕೆಳಗಿಳಿಬಿಟ್ಟು ಹಿಡಿಯಲು ಸಾಧ್ಯ. ದವಡೆಯ ಮೇಲ್ಭಾಗ ನಿಂತವರ ಮೊಣಕೈ ಎತ್ತರಕ್ಕೆ ಬರಲಿ. ಬಳಿಕ ದವಡೆಯ ಎರಡು ತುದಿಗಳಲ್ಲಿ ತೆಳು ಕಾಗದದ ಚೂರುಗಳನ್ನಿಟ್ಟು ಹಗುರವಾಗಿ ಬಿಗಿದು ಎಳೆದು ನೋಡಿ, ಎರಡೂ ಒಂದೇ ಸಮ ಹಿಡಿದರೆ ದವಡೆ ಸರಿಯಿದೆ. ಜಾಬನ್ನು ಒಂದೇ ಪಕ್ಕದಲ್ಲಿ ಹಿಡಿಯಬೇಕಾದಾಗ ಅಷ್ಟೇ ದಪ್ಪದ ತುಂಡೊಂದನ್ನು ಇನ್ನೊಂದು ಪಕ್ಕಕ್ಕೆ ಕೊಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಸ್ಕ್ರೂವಿಗೆ ಗ್ರೀಸ್, ಸ್ಲೈಡಿಗೆ ತೆಳು ಎಣ್ಣೆ. ಹಳೆಯದನ್ನು ಒರೆಸದೆ ಅದರ ಮೇಲೆಯೇ ಹೊಸ ಗ್ರೀಸ್ ಮೆತ್ತಿದರೆ ಅರದ ಪುಡಿ ಸೇರಿ ಅದೇ ಥ್ರೆಡ್ಡನ್ನು ತಿನ್ನುತ್ತದೆ. ಹಿಡಿದ ಜಾಬನ್ನು ಬಾಗಿಸಲು ಸುತ್ತಿಗೆ ಬಳಸುವುದಾದರೆ ಪೆಟ್ಟು ಸ್ಥಿರ ದವಡೆಯ ಕಡೆಗೆ ಬೀಳುವಂತೆ ನಿಂತುಕೊಳ್ಳಿ. ಭಾರಿ ಪೆಟ್ಟಿನ ಕೆಲಸವಿದ್ದರೆ ಇದನ್ನು ಬಿಟ್ಟು ಕಮ್ಮಾರರ ಕುಲುಮೆಯ ಲೆಗ್ ವೈಸ್ ಹುಡುಕಿ. ಅದನ್ನು ಬಡಿದು ಮಾಡಿದ ಕಬ್ಬಿಣದಲ್ಲಿ ಕಟ್ಟಿರುತ್ತಾರೆ, ಕಾಲು ನೆಲಕ್ಕೆ ಊರಿರುವುದರಿಂದ ಪೆಟ್ಟೆಲ್ಲ ನೆಲಕ್ಕಿಳಿಯುತ್ತದೆ. ಬಾಗಿದ ಹ್ಯಾಂಡಲನ್ನು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಸಿ ಅದನ್ನೇ ಹಾಕಿ. ಅದಕ್ಕಿಂತ ದಪ್ಪದ್ದು ಹಾಕಿಸಬೇಡಿ, ಅತಿಯಾಗಿ ಬಿಗಿದಾಗ ಮೊದಲು ಬಾಗಬೇಕಾದದ್ದು ಹ್ಯಾಂಡಲೇ ಹೊರತು ಬಾಡಿಯಲ್ಲ.