ದರ್ಶಿನಿ ಕಾಫಿಯ ರುಚಿ ಮನೆ ಫಿಲ್ಟರ್‌ನಲ್ಲಿ ಯಾಕೆ ಬರುತ್ತಿಲ್ಲ?

ವಿಜಯನಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಮಂಡಿ ಆಪರೇಷನ್ ಆಗಿದೆ. ಮುಂಚೆ ದಿನಾ ಬೆಳಿಗ್ಗೆ ರಸ್ತೆ ಕೊನೆಯ ದರ್ಶಿನಿಗೆ ನಡೆದು ಹೋಗಿ, ನಿಂತುಕೊಂಡೇ ಒಂದು ಕಾಫಿ ಕುಡಿದು, ಪೇಪರ್ ಹಿಡಿದುಕೊಂಡು ಬರುತ್ತಿದ್ದರು. ಈಗ ಸದ್ಯಕ್ಕೆ ಮೆಟ್ಟಿಲು ಇಳಿಯುವ ಹಾಗಿಲ್ಲ. ನಮ್ಮ ಯಜಮಾನರು ಅದೇ ಕಾಫಿಯನ್ನು ಫ್ಲಾಸ್ಕ್‌ನಲ್ಲಿ ತಂದುಕೊಟ್ಟರು. ಮನೆಗೆ ಬರುವಷ್ಟರಲ್ಲಿ ನೊರೆ ಹೋಗಿ, ಮುಚ್ಚಳದ ವಾಸನೆ ಹಿಡಿದಿರುತ್ತದೆ. ಮಾವ ಬಾಯಿಬಿಟ್ಟು ಏನೂ ಹೇಳುವವರಲ್ಲ. ಆದರೆ ಲೋಟದಲ್ಲಿ ಅರ್ಧ ಹಾಗೇ ಉಳಿದಿರುತ್ತದೆ.

ಅದಕ್ಕೆ ಮನೆಯಲ್ಲೇ ಮಾಡೋಣ ಎಂದು ಸ್ಟೀಲ್ ಫಿಲ್ಟರ್ ತಂದೆ. ಪುಡಿ ಆನ್‌ಲೈನ್‌ನಲ್ಲಿ ತರಿಸಿದ್ದು. ಶುದ್ಧ ಅರೇಬಿಕಾ, ಚಿಕೋರಿ ಇಲ್ಲ, ಲೈಟ್ ರೋಸ್ಟ್, ಫ್ರೆಂಚ್ ಪ್ರೆಸ್‌ಗೆ ಎಂದು ಪ್ಯಾಕೆಟ್ ಮೇಲಿದೆ. ಬೆಲೆ ಏನೂ ಕಮ್ಮಿ ಇಲ್ಲ. ಎರಡು ಟೀ ಚಮಚ ಪುಡಿ ಹಾಕಿ, ಮೇಲಿನ ಡಬ್ಬಿ ತುಂಬ ಬಿಸಿನೀರು ಹಾಕುತ್ತೇನೆ. ಎರಡು ಮೂರು ನಿಮಿಷಕ್ಕೆಲ್ಲ ಇಳಿದುಬಿಡುತ್ತದೆ. ಟೀ ಬಣ್ಣ. ನೀಲಿ ಪ್ಯಾಕೆಟ್ ಹಾಲಿಗೆ ಸ್ವಲ್ಪ ನೀರು ಸೇರಿಸಿ ಕಾಯಿಸಿ, ಡಿಕಾಕ್ಷನ್ ಹಾಕಿ ಒಂದು ಕುದಿ ಬರಿಸುತ್ತೇನೆ. ತೆಳ್ಳಗಿರುತ್ತದೆ, ಕೊನೆಯಲ್ಲಿ ಒಂಥರಾ ಹುಳಿ.

ನಮ್ಮ ತವರಿನಲ್ಲಿ ಎಲ್ಲರೂ ಟೀ ಕುಡಿಯುವವರು. ಹೇಳಿಕೊಡುವವರು ಯಾರೂ ಇಲ್ಲ. ದಯವಿಟ್ಟು ತಿಳಿದವರು ಹೇಳಿ.

ಮಂಡ್ಯ ಹೈದ:

ಹಾಲಿಗೆ ನೀರು ಹಾಕುವುದನ್ನು ಮೊದಲು ನಿಲ್ಲಿಸಿ ಅಕ್ಕ. ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಇರುವುದೇ ನೂರಕ್ಕೆ ಮೂರು. ಕಾಫಿಗೆ ಮಾತ್ರ ಗಟ್ಟಿ ಹಾಲಿನ ಅರ್ಧ ಲೀಟರ್ ಬೇರೆ ತನ್ನಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪುಡಿ ಅಂಗಡಿ:

ನಾನು ಬಸವನಗುಡಿ ಕಡೆ ಕಾಫಿಪುಡಿ ಅಂಗಡಿಯಲ್ಲಿ ಹುರಿಯುವುದು, ಬೀಸುವುದು ಎರಡೂ ಮಾಡಿದವನು. ಈಗ ಮನೆಯಲ್ಲಿದ್ದೇನೆ. ಹಾಲಿನ ಮಾತು ಸರಿಯೇ. ಆದರೆ ನಿಮ್ಮ ಬರಹದಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಬೇರೆ ಸಾಲು. ‘ಎರಡು ಮೂರು ನಿಮಿಷಕ್ಕೆಲ್ಲ ಇಳಿದುಬಿಡುತ್ತದೆ’ ಅಂದಿರಲ್ಲ, ಎಲ್ಲಾ ಅಲ್ಲೇ ಇದೆ ಅಮ್ಮ.

ನಮ್ಮ ಫಿಲ್ಟರ್‌ನಲ್ಲಿ ನೀರನ್ನು ತಳ್ಳುವವರು ಯಾರೂ ಇಲ್ಲ. ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಪುಡಿಯ ನಡುವೆ ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು ಸತ್ವ ಎಳೆದುಕೊಳ್ಳುತ್ತದೆ. ಸರಿಯಾದ ಡಿಕಾಕ್ಷನ್ ಹನಿ ಹನಿಯಾಗಿ ಹದಿನೈದು ಇಪ್ಪತ್ತು ನಿಮಿಷ ಇಳಿಯಬೇಕು. ಅದಕ್ಕಿಂತ ಬೇಗ ಇಳಿದರೆ ಪುಡಿ ದಪ್ಪ ಇದೆ, ಇಲ್ಲವೇ ಕಮ್ಮಿ ಇದೆ. ನಿಮ್ಮದರಲ್ಲಿ ಎರಡೂ ಇದೆ. ಫ್ರೆಂಚ್ ಪ್ರೆಸ್ ಪುಡಿಯನ್ನು ರವೆ ಹಾಗೆ ತರಿತರಿಯಾಗಿ ಬೀಸಿರುತ್ತಾರೆ. ಅಲ್ಲಿ ಪುಡಿ ನೀರಿನಲ್ಲೇ ನಾಲ್ಕು ನಿಮಿಷ ನೆನೆಯುತ್ತದೆ, ಅದಕ್ಕೆ ಅದು ಸರಿ. ಇಲ್ಲಿ ನೀರು ಸಂದಿಯಲ್ಲಿ ನುಸುಳಿ ಓಡಿಹೋಗುತ್ತದೆ. ಹುಳಿ ಮೊದಲು ಬರುತ್ತದೆ, ಸಿಹಿ ಮತ್ತು ಗಟ್ಟಿತನ ಆಮೇಲೆ ಬರುತ್ತದೆ. ನಿಮಗೆ ಸಿಗುತ್ತಿರುವುದು ಬರೀ ಮೊದಲಿನದು. ಲೈಟ್ ರೋಸ್ಟ್ ಬೇರೆ, ಅದರಲ್ಲಿ ಹುಳಿ ಇನ್ನೂ ಜಾಸ್ತಿ.

ಆ ಪುಡಿಯನ್ನು ಬಿಸಾಡಬೇಡಿ. ಒಂದು ಚೊಂಬಿನಲ್ಲಿ ಹಾಕಿ, ಬಿಸಿನೀರು ಸುರಿದು, ನಾಲ್ಕು ನಿಮಿಷ ಮುಚ್ಚಿಟ್ಟು, ಸೋಸಿ, ಹಾಲಿಲ್ಲದೆ ಕುಡಿಯಿರಿ. ಒಳ್ಳೆಯ ಪುಡಿಯೇ ಅದು. ಮಾವನವರಿಗೆ ಬೇಕಾಗಿರುವ ಕಾಫಿ ಅದರಿಂದ ಬರುವುದಿಲ್ಲ, ಅಷ್ಟೇ.

ದರ್ಶಿನಿ ರುಚಿ ಬೇಕಾದರೆ ಚಿಕೋರಿ ಬೇಕು. ಇದನ್ನು ಹೇಳಿದರೆ ಈಗಿನವರು ಮುಖ ಸಿಂಡರಿಸುತ್ತಾರೆ, ಕಲಬೆರಕೆ ಅನ್ನುತ್ತಾರೆ. ಕಲಬೆರಕೆ ಅಂದರೆ ಹೇಳದೆ ಬೆರೆಸುವುದು. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ ಕೊಡುತ್ತದೆ, ದಪ್ಪ ಕೊಡುತ್ತದೆ, ನೀರನ್ನು ನಿಧಾನ ಮಾಡುತ್ತದೆ. ಎಷ್ಟು ಸೇರಿಸಿದ್ದಾರೆ ಎಂದು ಪ್ಯಾಕೆಟ್ ಮೇಲೆ ಬರೆಯಲೇಬೇಕು, ಕಾಫಿ ಕನಿಷ್ಠ 51 ಭಾಗ ಇರಲೇಬೇಕು. ಅದು ಕಾನೂನು. ಮಾವನವರಿಗೆ ನಾನಾದರೆ 80ಕ್ಕೆ 20 ಹಾಕಿಕೊಡುತ್ತಿದ್ದೆ. 60ಕ್ಕೆ 40ರ ಪುಡಿ ಅಗ್ಗಕ್ಕೆ ಸಿಗುತ್ತದೆ, ಬಣ್ಣವೂ ಕಡುಗಪ್ಪು ಬರುತ್ತದೆ, ಆದರೆ ಬಾಯಲ್ಲಿ ಉಳಿಯುವುದು ಬೇರಿನ ರುಚಿ.

ಕಣ್ಣೆದುರು ಬೀಸಿಕೊಡುವ ಅಂಗಡಿಗೆ ಹೋಗಿ. ಹೀಗೆ ಕೇಳಿ: ‘ಪ್ಲಾಂಟೇಶನ್ ಎ ಮತ್ತು ಪೀಬೆರಿ ಸಮಸಮ, 20 ಚಿಕೋರಿ, ಫಿಲ್ಟರ್‌ಗೆ ನುಣ್ಣಗೆ.’ ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಅರೇಬಿಕಾ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡು ಕಾಳು ಕಟ್ಟಿದ್ದು. 200 ಗ್ರಾಂ ಸಾಕು, ಮುಗಿದ ಮೇಲೆ ಮತ್ತೆ ತನ್ನಿ. ಬೀಸಿದ ಪುಡಿಯ ಘಮ ಎರಡು ವಾರದ ಮೇಲೆ ಇಳಿಯುತ್ತಾ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಡಿ. ದಿನಾ ತೆಗೆದು ಹಾಕುವ ಡಬ್ಬಿಯನ್ನು ಫ್ರಿಡ್ಜ್‌ನಲ್ಲಿ ಇಡಬೇಡಿ, ಒಳಗೆ ತೇವ ಕೂರುತ್ತದೆ.

ಇನ್ನು ಅಳತೆ. ಎರಡು ಲೋಟಕ್ಕೆ 20ರಿಂದ 25 ಗ್ರಾಂ ಪುಡಿ, ಅಂದರೆ ತುಂಬಿದ ಮೂರು ದೊಡ್ಡ ಚಮಚ. ಪುಡಿ ಹಾಕಿ ಡಬ್ಬಿಯ ಪಕ್ಕಕ್ಕೆ ಬೆರಳಿನಿಂದ ಎರಡು ಸಲ ತಟ್ಟಿ, ಮಟ್ಟವಾಗಲಿ. ಮೇಲೆ ಹಿಡಿ ಇರುವ ತೂತಿನ ಬಿಲ್ಲೆ ಇಡಿ. ನೀರು ಕುದಿ ಬಂದ ತಕ್ಷಣ ಮೊದಲು ಎರಡು ಚಮಚದಷ್ಟು ಸುತ್ತ ಹಾಕಿ, ಅರ್ಧ ನಿಮಿಷ ಬಿಡಿ. ಹೊಸ ಪುಡಿಯಾದರೆ ಬಿಲ್ಲೆಯ ತೂತಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಹುರಿದಾಗ ಬೀಜದೊಳಗೆ ಉಳಿದ ಗಾಳಿ ಅದು. ಗುಳ್ಳೆ ಬರಲೇ ಇಲ್ಲ ಅಂದರೆ ಪುಡಿ ಹಳೆಯದು, ಅಂಗಡಿಯವನು ಏನೇ ಹೇಳಲಿ. ಆಮೇಲೆ ಉಳಿದ ನೀರು ನಿಧಾನಕ್ಕೆ ಸುರಿಯಿರಿ, ಒಟ್ಟು 120 ಮಿಲಿ ಸಾಕು. ಅದರಲ್ಲಿ 40-50 ಮಿಲಿಯನ್ನು ಪುಡಿಯೇ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ಸಿಗುವುದು ಎರಡು ಲೋಟಕ್ಕೆ ಸರಿಯಾಗಿ ಆಗುವಷ್ಟು. ಕುದಿಯುವ ನೀರು ಪುಡಿಯನ್ನು ಸುಡುತ್ತದೆ ಎಂದು ಎಲ್ಲೋ ಓದಿರುತ್ತೀರಿ. ಬೆಂಗಳೂರು ಇರುವುದೇ 900 ಮೀಟರ್‌ಗೂ ಎತ್ತರದಲ್ಲಿ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಭಯ ಬೇಡ.

ಡಿಕಾಕ್ಷನ್ ಹಾಕಿದ ಮೇಲೆ ಒಲೆಯ ಮೇಲೆ ಕುದಿಸಲೇಬಾರದು. ಘಮವೆಲ್ಲ ಅಡುಗೆಮನೆಗೆ ಹೋಗುತ್ತದೆ, ಲೋಟಕ್ಕೆ ಕಹಿ ಉಳಿಯುತ್ತದೆ. ಲೋಟದಲ್ಲಿ ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಅದರ ಮೇಲೆ ಉಕ್ಕಿ ಬಂದ ಹಾಲು. ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಹಾಲು ಅಂದಾಜು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ಯಿರಿ. ಮೂರನೇ ಸಲ ಬೇಡ, ಆರಿಹೋಗುತ್ತದೆ.

ತೋಟದ ಮನೆ, ಮೂಡಿಗೆರೆ:

ಪುಡಿ ಅಂಗಡಿಯವರ ಮಾತಿಗೆ ಒಂದು ತಕರಾರಿದೆ. ರೋಬಸ್ಟಾವನ್ನು ಯಾಕೆ ಬಿಟ್ಟಿರಿ? ನಮ್ಮಲ್ಲಿ ಎರಡೂ ಇದೆ. ಮೇಲಿನ ಗುಡ್ಡದಲ್ಲಿ ಅರೇಬಿಕಾ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ತಳಿ. ಕೆಳಗೆ ಹಳ್ಳದ ಕಡೆ ರೋಬಸ್ಟಾ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾದರೆ ರೋಬಸ್ಟಾ ಹಣ್ಣಾಗುವುದು ಜನವರಿ ಮೇಲೆ. ರೋಬಸ್ಟಾ ಅಂದರೆ ಕೀಳು ಎಂದು ಪೇಟೆಯಲ್ಲಿ ಅಂದುಕೊಂಡಿದ್ದಾರೆ. ಕಣದಲ್ಲಿ ಹಣ್ಣನ್ನು ರಾಶಿ ಹಾಕಿ, ತಿರುವದೆ, ಮಂಜು ಬಿದ್ದರೂ ಮುಚ್ಚದೆ ಬಿಟ್ಟರೆ ಯಾವ ಕಾಫಿಯಾದರೂ ಬೂಸಲು ವಾಸನೆ ಹಿಡಿಯುತ್ತದೆ. ನೋಡಿಕೊಂಡು ಒಣಗಿಸಿದ ರೋಬಸ್ಟಾ, ಅದರಲ್ಲೂ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು, ಹಾಲಿನ ಕಾಫಿಗೆ ಬಹಳ ಒಳ್ಳೆಯದು. ಹಾಲು ಹಾಕಿದ ಮೇಲೂ ಕಾಫಿ ಎದ್ದು ಕಾಣಬೇಕಾದರೆ ಅದೇ ಬೇಕು. ದಿನಾ ದರ್ಶಿನಿ ಕಾಫಿ ಕುಡಿದ ನಾಲಿಗೆಗೆ ಅದರ ಗುರುತು ಖಂಡಿತ ಇರುತ್ತದೆ. ಬರೀ ಪ್ಲಾಂಟೇಶನ್, ಪೀಬೆರಿ ಕೊಟ್ಟರೆ ಏನೋ ಕಮ್ಮಿಯಾಯಿತು ಅನ್ನಿಸಬಹುದು.

ಒಂದೇ ಎಚ್ಚರಿಕೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾಗಿಂತ ಸುಮಾರು ಎರಡು ಪಟ್ಟು. ಈಗಷ್ಟೇ ಆಪರೇಷನ್ ಆದವರು, ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ದಿನಕ್ಕೆ ಎಷ್ಟು ಲೋಟ ಕೊಡಬಹುದು ಎಂದು ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ಅವರಿಗೆ ಬೆಲ್ಲದ ಕಾಫಿ ಇಷ್ಟವಾದರೆ ಬೆಲ್ಲವನ್ನು ಬಿಸಿ ಡಿಕಾಕ್ಷನ್‌ನಲ್ಲೇ ಕರಗಿಸಿ, ಆಮೇಲೆ ಒಲೆಯಿಂದ ಇಳಿಸಿದ ಹಾಲು ಸೇರಿಸಿ. ಹಾಲಿಗೇ ಬೆಲ್ಲ ಹಾಕಿ ಕುದಿಸಿದರೆ ಒಡೆದುಹೋಗುತ್ತದೆ.

ಪುಡಿ ಅಂಗಡಿ:

ತೋಟದವರು ಹೇಳಿದ್ದು ನ್ಯಾಯ. ಹಾಗಾದರೆ ಹೀಗೆ ಮಾಡಿ: ಪೀಬೆರಿ ಬಿಟ್ಟು, ಪ್ಲಾಂಟೇಶನ್ ಎ 70, ರೋಬಸ್ಟಾ ಪಾರ್ಚ್‌ಮೆಂಟ್ 30. ಈ ಬೆರಕೆ 80 ಭಾಗ, ಚಿಕೋರಿ 20 ಭಾಗ. ಹಳೆ ಹೋಟೆಲಿನವರು ನಮ್ಮಲ್ಲಿ ಕೇಳುತ್ತಿದ್ದದ್ದು ಹೆಚ್ಚುಕಮ್ಮಿ ಇದೇ. ಹುರಿದದ್ದು ಕಪ್ಪಗೆ ಎಣ್ಣೆ ಬಿಟ್ಟಿರಬಾರದು, ಕಂದು ಬಣ್ಣದಲ್ಲಿರಬೇಕು.

ವಿಜಯನಗರದ ಸೊಸೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಲ್ಲೇಶ್ವರದಲ್ಲಿ ಬೀಸುವ ಅಂಗಡಿ ಸಿಕ್ಕಿತು. ನೀವು ಹೇಳಿದ ಹಾಗೇ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಪಕ್ಕದವರು ಯಾವ ಅಂಗಡಿ ಎಂದು ಕೇಳಿದರು, ಅಷ್ಟು ಘಮ.

ಆದರೆ ಈಗ ಉಲ್ಟಾ ಆಗಿದೆ. ಇಳಿಯುವುದೇ ಇಲ್ಲ. ಗುಳ್ಳೆ ಚೆನ್ನಾಗಿ ಬಂತು. ಆಮೇಲೆ ಮುಕ್ಕಾಲು ಗಂಟೆಯಾದರೂ ನೀರು ಮೇಲೇ ನಿಂತಿತ್ತು. ಬಿಲ್ಲೆಯನ್ನು ಒತ್ತಿ ನೋಡಿದೆ, ಇನ್ನೂ ಬಿಗಿಯಾಯಿತು. ಇಳಿದಷ್ಟರಲ್ಲಿ ಮಾವನವರಿಗೆ ಒಂದು ಲೋಟ ಮಾಡಿಕೊಟ್ಟೆ. ಪೂರ್ತಿ ಕುಡಿದು ‘ಇದು ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಹಾಗಾಗಿ ದಾರಿ ಸರಿಯಿದೆ ಅನ್ನಿಸುತ್ತಿದೆ, ಇದೊಂದು ಬಿಡಿಸಿಕೊಡಿ.

ಪುಡಿ ಅಂಗಡಿ:

ಬಹಳ ಸಂತೋಷ ಅಮ್ಮ. ಒತ್ತಬೇಡಿ. ಬಿಲ್ಲೆ ಇರುವುದು ನೀರು ಒಂದೇ ಕಡೆ ಗುಂಡಿ ತೋಡದೆ ಎಲ್ಲಾ ಕಡೆ ಹರಡಲಿ ಎಂದು. ಸುಮ್ನೆ ಮೇಲೆ ಕೂರಿಸಿದರೆ ಸಾಕು. ಚಿಕೋರಿ ನೀರು ಕುಡಿದು ಅಂಟಾಗುತ್ತದೆ, ಅದನ್ನು ಒತ್ತಿದರೆ ಹಾಸಿನ ಹಾಗೆ ಕೂತುಬಿಡುತ್ತದೆ. ನಿಂತುಹೋದಾಗ ಬಿಲ್ಲೆಯ ಹಿಡಿ ಹಿಡಿದು ಕಾಲು ಸುತ್ತು ಮೆಲ್ಲಗೆ ತಿರುಗಿಸಿ, ಮುಚ್ಚಳ ಒಮ್ಮೆ ತೆಗೆದು ಹಾಕಿ. ಮುಚ್ಚಳ ಬಿಗಿಯಾಗಿದ್ದರೆ ಒಳಗೆ ಗಾಳಿ ಹೋಗದೆಯೂ ನಿಲ್ಲುತ್ತದೆ.

ಇನ್ನೊಂದು, ಮೇಲಿನ ಡಬ್ಬಿಯನ್ನು ತೊಳೆದು ಕಿಟಕಿ ಬೆಳಕಿಗೆ ಹಿಡಿದು ತಳ ನೋಡಿ. ಎಲ್ಲಾ ತೂತಿನಲ್ಲೂ ಬೆಳಕು ಕಾಣಬೇಕು. ಮುಂಚಿನ ಪುಡಿ ಕೆಲವು ತೂತಿನಲ್ಲಿ ಕೂತಿರಬಹುದು. ಸೂಜಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಡಬ್ಬಿ ಪೂರ್ತಿ ಒಣಗಿದ ಮೇಲೆ ಇಕ್ಕಳದಲ್ಲಿ ಹಿಡಿದು, ತಳವನ್ನು ಗ್ಯಾಸಿನ ಸಣ್ಣ ಉರಿಗೆ ಸ್ವಲ್ಪ ಹೊತ್ತು ತೋರಿಸಿ. ಒಳಗೆ ಸಿಕ್ಕಿದ ಪುಡಿ ಕಿಡಿಕಿಡಿಯಾಗಿ ಉರಿದು ಬೂದಿಯಾಗುತ್ತದೆ. ಆರಿದ ಮೇಲೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ತಳ ಸ್ವಲ್ಪ ನೀಲಿ ತಿರುಗುತ್ತದೆ, ಪರವಾಗಿಲ್ಲ. ಸ್ಟೀಲ್ ಆದರೆ ಮಾತ್ರ ಹೀಗೆ ಮಾಡಿ. ಪ್ಲಾಸ್ಟಿಕ್ ಗುಂಡಿ ಇರುವ ಮುಚ್ಚಳವನ್ನು ಹತ್ತಿರಕ್ಕೂ ತರಬೇಡಿ.

ಇಷ್ಟಾದರೂ ನಿಂತರೆ ಮುಂದಿನ ಸಲ ಬೀಸುವಾಗ ಒಂದು ಗೆರೆ ದಪ್ಪಕ್ಕೆ ಕೇಳಿ. ಬೆರಳ ನಡುವೆ ಉಜ್ಜಿದರೆ ಮೈದಾ ಹಾಗೆ ಜಾರಬಾರದು, ಸಣ್ಣ ಕಾಳು ತಾಗಬೇಕು.

ಮಂಡ್ಯ ಹೈದ:

ಬೋರ್‌ವೆಲ್ ನೀರು ಹಾಕುತ್ತಿದ್ದೀರಾ ಅಕ್ಕ? ನಮ್ಮ ಕಡೆ ನೀರು ಗಡಸು, ಕಾಫಿ ಮಂಕಾಗಿ ಬರುತ್ತದೆ. ಕಾವೇರಿ ನೀರು ಬರುವ ದಿನ ಒಂದು ಬಿಂದಿಗೆ ಹಿಡಿದಿಡಿ.

ವಿಜಯನಗರದ ಸೊಸೆ:

ಅಡುಗೆಗೆ ಕಾವೇರಿ ನೀರೇ ಬಳಸುವುದು ತಮ್ಮ. ತೂತು ಬೆಳಕಿಗೆ ಹಿಡಿದು ನೋಡಿದೆ, ಮೂರನೇ ಒಂದು ಭಾಗ ಮುಚ್ಚಿಹೋಗಿತ್ತು. ಉರಿಗೆ ತೋರಿಸಿದ ಮೇಲೆ ಸರಾಗವಾಗಿ ಇಳಿಯುತ್ತಿದೆ. ಕೊನೆಯದಾಗಿ ಒಂದು. ಮಾವ ಐದೂವರೆಗೇ ಏಳುತ್ತಾರೆ. ಅಷ್ಟು ಹೊತ್ತಿಗೆ ನಾನು ಮಕ್ಕಳ ಡಬ್ಬಿ ಕೆಲಸದಲ್ಲಿರುತ್ತೇನೆ. ರಾತ್ರಿಯೇ ಡಿಕಾಕ್ಷನ್ ಹಾಕಿಡಬಹುದಾ?

ಪುಡಿ ಅಂಗಡಿ:

ಧಾರಾಳವಾಗಿ ಹಾಕಿಡಿ. ಮಲಗುವ ಮುಂಚೆ ನೀರು ಸುರಿದು ಮುಚ್ಚಿಟ್ಟರೆ ಬೆಳಿಗ್ಗೆಗೆ ಕೊನೆಯ ಹನಿಯೂ ಇಳಿದಿರುತ್ತದೆ. ಬೇಸಿಗೆಯಲ್ಲೂ ಒಂದು ರಾತ್ರಿಗೆ ಏನೂ ಆಗುವುದಿಲ್ಲ. ಬೆಳಿಗ್ಗೆ ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಹಾಲು ಉಕ್ಕುವಷ್ಟರಲ್ಲಿ ಅದು ಬೆಚ್ಚಗಾಗಿರುತ್ತದೆ. ಸ್ಟೀಲ್ ಲೋಟಕ್ಕೂ ಒಮ್ಮೆ ಬಿಸಿನೀರು ಹಾಕಿ ಚೆಲ್ಲಿ, ಇಲ್ಲವಾದರೆ ತಣ್ಣನೆ ಲೋಟವೇ ಕಾವು ಎಳೆದುಕೊಳ್ಳುತ್ತದೆ. ಉಳಿದದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ. ಅದೇ ಪುಡಿಗೆ ಮತ್ತೆ ನೀರು ಹಾಕಿ ತೆಗೆದ ಎರಡನೇ ಡಿಕಾಕ್ಷನ್ ಬೇಕಾದರೆ ನೀವು ಕುಡಿಯಿರಿ, ಮಾವನವರಿಗೆ ಕೊಡಬೇಡಿ.