ಕೊಕೇನ್ ಬಿಟ್ಟ ಮೇಲೂ ಸೆಳೆತ ಏಕೆ? ಗ್ಲುಟಮೇಟ್ ಪಾತ್ರವೇನು?

ಪ್ರಶ್ನೆ: ಚಟ ಅಂದರೆ ಡೋಪಮಿನ್ (ಮೆದುಳಿನಲ್ಲಿ ಖುಷಿ, ಬಯಕೆಗಳಿಗೆ ಸಂಬಂಧಿಸಿದ ರಾಸಾಯನಿಕ) ಅಂತಲೇ ಓದುತ್ತೇವೆ. ಹಾಗಾದರೆ ತಿಂಗಳುಗಟ್ಟಲೆ ಕೊಕೇನ್ ಮುಟ್ಟದವರೂ ಹಳೆಯ ಜಾಗ ಕಂಡೊಡನೆ ಜಾರುವುದೇಕೆ? ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋಸ್ಥಿತಿ) ಔಷಧಿಗಳಿಗೂ ಗ್ಲುಟಮೇಟ್‌ಗೂ ನಂಟಿದೆಯೇ?

ಉತ್ತರ 1: ಆ ಜಾರುವಿಕೆಯಲ್ಲಿ ನರಕೋಶಗಳನ್ನು ಪ್ರಚೋದಿಸುವ ರಾಸಾಯನಿಕವಾದ ಗ್ಲುಟಮೇಟ್‌ನದೇ ದೊಡ್ಡ ಪಾಲು. ಇಲಿಗಳಲ್ಲಿ ಕಂಡದ್ದು ಹೀಗೆ: ಕೊಕೇನ್ ನಿಂತ ಮೇಲೆ ಮೆದುಳಿನ ಬಯಕೆ-ಬಹುಮಾನದ ಕೇಂದ್ರವಾದ ನ್ಯೂಕ್ಲಿಯಸ್ ಅಕಂಬೆನ್ಸ್‌ನ ಗ್ಲಿಯಾ ಕೋಶಗಳಲ್ಲಿ (ನರಕೋಶಗಳಿಗೆ ನೆರವಾಗುವ ಕೋಶಗಳು) ಸಿಸ್ಟಿನ್ ಎಂಬ ಅಮೈನೋ ಆಮ್ಲವನ್ನು ಒಳಗೆಳೆದು ಗ್ಲುಟಮೇಟ್ ಹೊರಬಿಡುವ ವಿನಿಮಯ ಪ್ರೋಟೀನ್ ಸೊರಗುತ್ತದೆ. ಹೊರಗಿನ ಗ್ಲುಟಮೇಟ್ ಮಟ್ಟ ಕುಸಿದು, ನರತುದಿಯಲ್ಲಿ ಗ್ಲುಟಮೇಟ್ ಬಿಡುಗಡೆಗೆ ಬ್ರೇಕಿನಂತಿರುವ ಎಂಗ್ಲು2/3 (mGlu2/3) ಗ್ರಾಹಕಗಳು ಸಡಿಲವಾಗುತ್ತವೆ. ಆಮೇಲೆ ಒಂದು ಸುಳಿವು ಸಾಕು, ಮುಂಮೆದುಳಿನ ನರಗಳಿಂದ ಗ್ಲುಟಮೇಟ್ ಧುಮ್ಮಿಕ್ಕುತ್ತದೆ. ಅದನ್ನು ಹೀರಬೇಕಾದ ಜಿಎಲ್‌ಟಿ-1 ಎಂಬ ಪ್ರೋಟೀನ್ ಕೂಡ ಆಗ ಕಡಿಮೆ.

ಉತ್ತರ 2: ಆ ವಿನಿಮಯವನ್ನು ಚುರುಕುಗೊಳಿಸಲೆಂದೇ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿಯನ್ನು ಬೇರೆ ಚಟಗಳಲ್ಲೂ ಪ್ರಯತ್ನಿಸಿದ್ದು. 2012ರಲ್ಲಿ ಗಾಂಜಾ ಚಟ ಬಿಡಿಸುವ ಪ್ರಯೋಗದಲ್ಲಿ ಹದಿಹರೆಯದವರಿಗೆ 1200 ಮಿ.ಗ್ರಾಂ. ದಿನಕ್ಕೆರಡು ಬಾರಿ, 8 ವಾರ ಕೊಟ್ಟಾಗ ಗಾಂಜಾ ಕಾಣದ ಮೂತ್ರ ಪರೀಕ್ಷೆಗಳು ಹೆಚ್ಚಿದವು. 2017ರಲ್ಲಿ ವಯಸ್ಕರಿಗೆ ಅದೇ ಡೋಸ್ 12 ವಾರ ಕೊಟ್ಟರೂ ಲಾಭವಾಗಲಿಲ್ಲ. ದಯವಿಟ್ಟು ವೈದ್ಯರನ್ನು ಕೇಳದೆ ನುಂಗಬೇಡಿ.

ಉತ್ತರ 3: ಸೈಕೋಸಿಸ್ ವಿಷಯ: ಅರಿವಳಿಕೆ ಔಷಧಿಯಾದ ಕೆಟಮಿನ್, ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು ತಡೆದು ಆರೋಗ್ಯವಂತರಲ್ಲೂ ಸೈಕೋಸಿಸ್‌ನಂಥ ಲಕ್ಷಣ ತರುತ್ತದೆ. ಇತರ ನರಕೋಶಗಳನ್ನು ಹತೋಟಿಯಲ್ಲಿಡುವ ಗಾಬಾ ನರಕೋಶಗಳೇ ಮೊದಲು ಮಂಕಾಗಿ ಗ್ಲುಟಮೇಟ್ ಉಕ್ಕುತ್ತದೆ ಎಂಬುದು ಪ್ರಬಲ ವಿವರಣೆ. ಅದನ್ನು ತಗ್ಗಿಸಲು ಮೇಲೆ ಹೇಳಿದ ಎಂಗ್ಲು2/3 ಬ್ರೇಕನ್ನೇ ಒತ್ತುವ ಪೊಮಾಗ್ಲುಮೆಟಾಡ್ ಎಂಬ ಔಷಧಿ ಬಂತು. 2007ರಲ್ಲಿ ಭರವಸೆ ಮೂಡಿಸಿ, ದೊಡ್ಡ ಪ್ರಯೋಗಗಳಲ್ಲಿ ಸೋತ ಕಾರಣ ಅದರ ಅಭಿವೃದ್ಧಿ 2012ರಲ್ಲಿ ನಿಂತಿತು.